ನಟನೆಗೂ ಬಣ್ಣ ಇರುತ್ತಾ?

ಕೊಟ್ಟಿಗೆಹಾರದಲ್ಲಿ ಶನಿವಾರ ಸಂಜೆ ಅಂದ್ರೆ ಮಂಜು, ಬಿಸಿ ನೀರುದೋಸೆ, ಹರಟೆ. ಹೋದ ವಾರ ಗೆಳೆಯನೊಬ್ಬ ಕೇಳಿದ: 'ಅಮೆರಿಕದ ಯೂನಿವರ್ಸಿಟಿಗಳಲ್ಲಿ ಕಪ್ಪು ಜನರ ರಂಗಭೂಮಿ ಅಂತಲೇ ಪಾಠ ಇದೆಯಂತೆ. ನಟನೆಗೂ ಬಣ್ಣ ಇರುತ್ತಾ ಮಾರಾಯ?'

ಅಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಗೇಲಿ ಮಾಡಿ ದುಡ್ಡು ಮಾಡಿದ ಕಾಲವೊಂದಿತ್ತು. ಹಾಗಾಗಿ 1926ರಲ್ಲಿ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್, ಕಪ್ಪು ಜನರ ನಾಟಕ ಅವರ ಬಗ್ಗೆ ಇರಬೇಕು, ಅವರೇ ಬರೆದಿರಬೇಕು, ಅವರಿಗಾಗಿ, ಅವರ ನೆರೆಯಲ್ಲೇ ನಡೆಯಬೇಕು ಅಂದರು.

ನಮ್ಮಲ್ಲೂ ಇಂಥದ್ದೊಂದು ಕಥೆ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಪೂರ್ವಜರು ಆಫ್ರಿಕಾದವರು; ಹಲವರನ್ನು ಗುಲಾಮರಾಗಿ ತರಲಾಗಿತ್ತು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಮಂಚಿಕೇರಿಯ ಸಿದ್ದಿಗಳಿಂದ ನೈಜೀರಿಯಾದ ಚಿನುವಾ ಅಚೆಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ಕನ್ನಡದಲ್ಲಿ ಆಡಿಸಿತು. ನಿರ್ದೇಶನ ಚಿದಂಬರರಾವ್ ಜಂಬೆ ಅವರದು. ಬಿಳಿಯರು ಬಂದ ಮೇಲೆ ಒಡೆದುಹೋಗುವ ಹಳ್ಳಿಯ ಕಥೆ ಅದು. ರೂಪಕ್ಕಾಗಿ ನಗೆಗೀಡಾಗುತ್ತಿದ್ದ ಜನ ಅಲ್ಲಿ ನಾಯಕರಾಗಿ, ಹಿರಿಯರಾಗಿ ರಂಗದ ಮೇಲೆ ನಿಂತರು.

ಡುಬಾಯ್ಸ್ ಅಳತೆಗೆ ಇದು ಪೂರ್ತಿ ಹೊಂದಲ್ಲ. ಕಥೆ ಅವರದಲ್ಲ, ನಿರ್ದೇಶಕರೂ ಸಿದ್ದಿಯಲ್ಲ. ಆದರೆ ದಾರಿ ತೆರೆದಿತ್ತು. ಮುಂದೆ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ನೀನಾಸಂನಲ್ಲಿ ನಟನೆ ಕಲಿತರು. ಪರಶುರಾಮ ಸಿದ್ದಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ತಾವೇ ನಾಟಕ ನಿರ್ದೇಶಿಸಿದರು.

ನಟನಾ ಶಾಲೆ ಕಲಿಸೋದು ಉಸಿರು, ದನಿ, ನಡಿಗೆ, ಎದುರಿನ ನಟನ ಮಾತು ಕೇಳಿಸಿಕೊಳ್ಳೋದು. ಇವುಗಳಲ್ಲಿ ಯಾವುದಕ್ಕೂ ಬಣ್ಣ ಇಲ್ಲ. ತರಬೇತಾದ ನಟ ರಾಜನೂ ಆಗಬಲ್ಲ, ಗುಮಾಸ್ತನೂ ಆಗಬಲ್ಲ. ಬಣ್ಣ ಇರೋದು ಪಾತ್ರ ಹಂಚುವವರ ಕಣ್ಣಲ್ಲಿ, ನೋಡುವ ನಮ್ಮ ಕಣ್ಣಲ್ಲಿ. ಸ್ಕೂಲ್ ಡೇ ನಾಟಕ ನೆನಪಿಸಿಕೊಳ್ಳಿ: ಮುಖಕ್ಕೆ ಕಪ್ಪು ಬಳಿದರೆ ಸಾಕು, ರಾಕ್ಷಸ ರೆಡಿ! ಆ ಲೆಕ್ಕವನ್ನೇ ಸಿನಿಮಾ ದೊಡ್ಡದು ಮಾಡಿದೆ.

ಹಾಗಾಗಿ ಆ ಪಾಠ ಅಲ್ಲಿನವರಿಗೆ ಮಾತ್ರ ಅಂತ ನನಗನ್ನಿಸಲ್ಲ. ನಟನಿಗೆ ಎಷ್ಟು ತಾಲೀಮು ಬೇಕೋ, ಪ್ರೇಕ್ಷಕನ ಕಣ್ಣಿಗೂ ಅಷ್ಟೇ ಬೇಕು. ಬೆಂಗಳೂರಿನ ಐಟಿ ಕಂಪನಿ ಬಗ್ಗೆ ನಾಳೆ ಒಂದು ವೆಬ್ ಸೀರೀಸ್ ಬರುತ್ತೆ ಅಂದ್ಕೊಳ್ಳಿ. ಅದರ ಟೀಮ್ ಲೀಡ್ ಪಾತ್ರದಲ್ಲಿ ಸಿದ್ದಿ ನಟಿಯೊಬ್ಬರಿದ್ದಾರೆ. ಕಾರಣ ವಿವರಿಸೋ ಒಂದು ಸೀನೂ ಇಲ್ಲ. ಸುಮ್ಮನೆ ಕೋಡ್ ರಿವ್ಯೂ ಮಾಡ್ತಾರೆ, ಡೆಡ್‌ಲೈನ್ ಬಗ್ಗೆ ಬೈತಾರೆ. ನಾವು 'ಇವರ‍್ಯಾಕೆ ಇಲ್ಲಿ?' ಅಂತ ಕೇಳದೆ ಕಥೆ ನೋಡ್ತೀವಾ?