ಪ್ರಯಾಗ್‌ರಾಜ್ ನಿಲ್ದಾಣ: ಮೊದಲು ಮೆಟ್ಟಿಲು ಅಗಲವಾಗಲಿ

ಪ್ರಯಾಗ್‌ರಾಜ್ ಜಂಕ್ಷನ್‌ಗೆ ಹೊಸ ರೂಪ ನೀಡುವ ಕಾರ್ಯ ನಡೆಯುತ್ತಿದೆ. ವಿಮಾನ ನಿಲ್ದಾಣವನ್ನು ಹೋಲುವ ವಿಶಾಲ ಸಭಾಂಗಣ, ಲಿಫ್ಟ್, ಎಸ್ಕಲೇಟರ್, ಝಗಮಗಿಸುವ ಮುಂಭಾಗಗಳ ಬಗ್ಗೆ ಬಹಳಷ್ಟು ಹೇಳಲಾಗುತ್ತಿದೆ. ಇದನ್ನು ವಿರೋಧಿಸಲು ಕಾರಣವೇನೂ ಇಲ್ಲ. ಕೋಟ್ಯಂತರ ಮಂದಿ ಭಕ್ತಿಯಿಂದ ಬಂದಿಳಿಯುವ ನಿಲ್ದಾಣ ಸ್ವಚ್ಛವೂ ಸುಸಜ್ಜಿತವೂ ಆಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಆಧುನೀಕರಣ ಯಾರಿಗಾಗಿ ಎಂಬ ಪ್ರಶ್ನೆಯನ್ನು ಕಾಮಗಾರಿ ಮುಗಿಯುವ ಮುನ್ನವೇ ಕೇಳಬೇಕಾಗಿದೆ. ಏಕೆಂದರೆ ಈ ನಿಲ್ದಾಣದ ಮೆಟ್ಟಿಲುಗಳ ಮೇಲೆ ಈಗಾಗಲೇ ಜನರು ಸತ್ತಿದ್ದಾರೆ.

ಇದು ಸಾಮಾನ್ಯ ನಿಲ್ದಾಣವಲ್ಲ. 1859ರ ಮಾರ್ಚ್ 3ರಂದು ಅಲಹಾಬಾದ್ ಮತ್ತು ಕಾನ್ಪುರದ ನಡುವೆ ಓಡಿದ ರೈಲು ಉತ್ತರ ಭಾರತದ ರೈಲ್ವೆ ಚರಿತ್ರೆಯ ಮೊದಲ ಪುಟಕ್ಕೆ ಸೇರಿದ್ದು. 1865ರಲ್ಲಿ ನೈನಿಯ ಬಳಿ ಯಮುನಾ ಸೇತುವೆ ತೆರೆದುಕೊಂಡ ಬಳಿಕ ಈ ನಗರವು ಕಲ್ಕತ್ತಾ-ದಿಲ್ಲಿ ಮಾರ್ಗದ ಮುಖ್ಯ ಕೊಂಡಿಯಾಯಿತು. ಅಂದಿನಿಂದಲೂ ಸಂಗಮಕ್ಕೆ ಹೊರಟ ಬಡ ಯಾತ್ರಿಕನ ಹೆಬ್ಬಾಗಿಲು ಇದೇ ಆಗಿದೆ. ಆದರೆ ಆ ಯಾತ್ರಿಕನನ್ನು ರೈಲ್ವೆಯು ಗೌರವದಿಂದ ಕಂಡದ್ದು ಕಡಿಮೆ. 1915ರ ಹರಿದ್ವಾರ ಕುಂಭಕ್ಕೆ ಹೋದ ಗಾಂಧೀಜಿಯವರು, ಸಹಾರನ್‌ಪುರದಿಂದ ಮುಂದಕ್ಕೆ ಯಾತ್ರಿಕರನ್ನು ಸರಕು-ಜಾನುವಾರು ಸಾಗಿಸುವ ಗಾಡಿಗಳಲ್ಲಿ ತುಂಬಿದ್ದನ್ನು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಬ್ರಿಟಿಷರು ಹೋದರು. ಆದರೆ ಮೂರನೆಯ ದರ್ಜೆಯ ಪ್ರಯಾಣಿಕನ ಅವಸ್ಥೆ 'ಜನರಲ್ ಬೋಗಿ' ಎಂಬ ಹೆಸರಿನಲ್ಲಿ ಉಳಿದುಕೊಂಡಿತು.

2013ರ ಫೆಬ್ರವರಿ 10, ಮೌನಿ ಅಮಾವಾಸ್ಯೆ. ಸ್ನಾನ ಮುಗಿಸಿ ಊರಿಗೆ ಮರಳುತ್ತಿದ್ದ ಜನಸಾಗರ ಸಂಜೆಯ ವೇಳೆಗೆ ಇದೇ ನಿಲ್ದಾಣದಲ್ಲಿ ನೆರೆದಿತ್ತು. ಮೇಲ್ಸೇತುವೆಯ ಬಳಿ ಉಂಟಾದ ಕಾಲ್ತುಳಿತದಲ್ಲಿ ಕನಿಷ್ಠ 36 ಮಂದಿ ಪ್ರಾಣ ತೆತ್ತರು. ಕೊನೆಯ ಗಳಿಗೆಯಲ್ಲಿ ಪ್ಲಾಟ್‌ಫಾರಂ ಬದಲಾಯಿತೆಂದು ಕೆಲವರು ಹೇಳಿದರು, ಪೊಲೀಸರು ಲಾಠಿ ಬೀಸಿದರೆಂದು ಇನ್ನು ಕೆಲವರು ಹೇಳಿದರು. ರೈಲ್ವೆಯೂ ರಾಜ್ಯ ಸರಕಾರವೂ ಪರಸ್ಪರರತ್ತ ಬೆರಳು ತೋರಿದವು. ಮೇಳದ ಉಸ್ತುವಾರಿ ಹೊತ್ತಿದ್ದ ಸಚಿವ ಆಝಂ ಖಾನ್ ನೈತಿಕ ಹೊಣೆ ಹೊತ್ತು ಆ ಉಸ್ತುವಾರಿಗೆ ರಾಜೀನಾಮೆ ಸಲ್ಲಿಸಿದರು. ನಂತರದ ವರ್ಷಗಳಲ್ಲಿ ಅತ್ಯಂತ ಉತ್ಸಾಹದಿಂದ ನಡೆದ ಕೆಲಸವೆಂದರೆ ಹೆಸರು ಬದಲಾವಣೆ. 2018ರಲ್ಲಿ ನಗರದ ಹೆಸರೂ 2020ರಲ್ಲಿ ನಿಲ್ದಾಣದ ಹೆಸರೂ ಬದಲಾದವು. ಫಲಕ ಬದಲಾದ ಮಾತ್ರಕ್ಕೆ ಮೆಟ್ಟಿಲು ಒಂದಿಂಚೂ ಅಗಲವಾಗುವುದಿಲ್ಲ.

2025ರ ಮಹಾಕುಂಭದ ವೇಳೆ ಈ ನಿಲ್ದಾಣದಲ್ಲಿ ಕೆಲವು ಒಳ್ಳೆಯ ಏರ್ಪಾಡುಗಳಾದವು ಎಂಬುದನ್ನು ನಾವು ಮುಕ್ತವಾಗಿ ಒಪ್ಪುತ್ತೇವೆ. ನಗರದ ಬದಿಯಿಂದ ಮಾತ್ರ ಪ್ರವೇಶ, ಸಿವಿಲ್ ಲೈನ್ಸ್ ಬದಿಯಿಂದ ಮಾತ್ರ ನಿರ್ಗಮನ ಎಂಬ ಏಕಮುಖ ವ್ಯವಸ್ಥೆ ಜಾರಿಯಲ್ಲಿತ್ತು. ಪ್ರಯಾಣದ ದಿಕ್ಕಿಗನುಗುಣವಾಗಿ ಬಣ್ಣ ಬಣ್ಣದ ಟಿಕೆಟ್‌ಗಳು, ಅದೇ ಬಣ್ಣದ ಆಶ್ರಯ ಸ್ಥಳಗಳು ಇದ್ದವು. ಅಕ್ಷರ ಬಾರದ ಅಜ್ಜಿಗೂ ಬಣ್ಣ ಅರ್ಥವಾಗುತ್ತದೆ. ಆದರೆ ದುರಂತವು ಬೇರೊಂದು ನಿಲ್ದಾಣದಲ್ಲಿ ಬಾಯ್ದೆರೆದು ಕಾದಿತ್ತು. 2025ರ ಫೆಬ್ರವರಿ 15ರ ರಾತ್ರಿ ಪ್ರಯಾಗ್‌ರಾಜ್‌ಗೆ ಹೊರಟವರ ನೂಕುನುಗ್ಗಲಿನಲ್ಲಿ ಹೊಸದಿಲ್ಲಿ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳ ಮೇಲೆ 18 ಮಂದಿ ಸತ್ತರು. ಯಾತ್ರಿಕರು ತಲುಪುವ ನಿಲ್ದಾಣವನ್ನು ಸಜ್ಜುಗೊಳಿಸಿ, ಅವರು ಹೊರಡುವ ನಿಲ್ದಾಣವನ್ನು ಮರೆತುದರ ಫಲವಿದು.

ಆ ರಾತ್ರಿ ಅಧಿಕಾರಿಗಳ ಮೊದಲ ಪ್ರತಿಕ್ರಿಯೆ ಕಾಲ್ತುಳಿತ ನಡೆದೇ ಇಲ್ಲವೆಂಬುದಾಗಿತ್ತು. ಬಳಿಕ ಮೃತರ ದೃಶ್ಯಗಳಿರುವ ವೀಡಿಯೊಗಳನ್ನು ತೆಗೆದುಹಾಕುವಂತೆ 'ಎಕ್ಸ್' ಜಾಲತಾಣಕ್ಕೆ ರೈಲ್ವೆ ಸಚಿವಾಲಯ ಸೂಚಿಸಿತು. 2025ರ ಆಗಸ್ಟ್‌ನಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ, ಪ್ರಯಾಣಿಕನೊಬ್ಬನ ತಲೆಯ ಮೇಲಿದ್ದ ದೊಡ್ಡ ಗಂಟು ಮೆಟ್ಟಿಲಿನ ಮೇಲೆ ಬಿದ್ದುದೇ ದುರಂತಕ್ಕೆ ಕಾರಣವೆಂದು ಸಚಿವರು ತಿಳಿಸಿದರು. ಗಂಟು ಬಿದ್ದಿರಬಹುದು. ಆದರೆ ತಲೆಯ ಮೇಲೆ ಗಂಟು ಹೊತ್ತು ರೈಲು ಹತ್ತುವುದು ಈ ದೇಶದ ಬಡವರು ಒಂದೂವರೆ ಶತಮಾನದಿಂದ ಮಾಡುತ್ತಾ ಬಂದಿರುವುದು. ಒಂದು ಗಂಟು ಬಿದ್ದರೆ ಹದಿನೆಂಟು ಜೀವ ಹೋಗುವಷ್ಟು ಜನರನ್ನು ಒಂದು ಮೆಟ್ಟಿಲ ಸಾಲಿಗೆ ಬಿಟ್ಟವರು ಯಾರು? ಒಂದು ಬೋಗಿಯಲ್ಲಿ ಎಷ್ಟು ಮಂದಿ ಇರಬೇಕೆಂದು ನಿಗದಿಪಡಿಸುವ ಹೊಣೆಯನ್ನು ರೈಲ್ವೆ ಕಾಯ್ದೆಯ 57ನೇ ಕಲಂ ಆಡಳಿತದ ಮೇಲೆ ಹೊರಿಸಿದೆ. ಆ ಮಿತಿಯನ್ನು ಮೀರಿ ಟಿಕೆಟ್ ಮಾರುವುದೇಕೆ ಎಂದು ದಿಲ್ಲಿ ಹೈಕೋರ್ಟ್ ಅದೇ ಫೆಬ್ರವರಿಯಲ್ಲಿ ಕೇಳಿತು. ಅಂದರೆ ಕೊರತೆಯಿರುವುದು ಕಾನೂನಿನಲ್ಲಲ್ಲ, ಅದರ ಪಾಲನೆಯಲ್ಲಿ.

ಇದು ಒಂದು ಧರ್ಮದವರ ಮೇಳಕ್ಕೆ ಸೀಮಿತವಾದ ಸಮಸ್ಯೆಯೆಂದು ನಾವು ಭಾವಿಸುವುದಿಲ್ಲ. 1990ರಲ್ಲಿ ಮಿನಾದ ಸುರಂಗದಲ್ಲಿ 1,426 ಹಜ್ಜಾಜ್‌ಗಳು ಅಸುನೀಗಿದರು. 2006ರಲ್ಲಿ ಜಮರಾತ್ ಬಳಿ ಮುನ್ನೂರಕ್ಕೂ ಅಧಿಕ ಮಂದಿ ಸತ್ತ ಮೇಲೆ ಅಲ್ಲಿ ಬಹುಮಹಡಿಯ ಸೇತುವೆ ಎದ್ದಿತು. ಆದರೂ 2015ರಲ್ಲಿ ಮಿನಾದ ಬೀದಿಯಲ್ಲಿ ಮತ್ತೆ ದುರಂತ ಸಂಭವಿಸಿತು. ಸೌದಿ ಸರಕಾರದ ಲೆಕ್ಕದಲ್ಲೇ ಅಂದು ಸತ್ತವರು 769 ಮಂದಿ. ಹಣಕ್ಕೆ ಕೊರತೆಯಿಲ್ಲದ ರಾಷ್ಟ್ರಕ್ಕೂ ಕಾಂಕ್ರೀಟ್ ಒಂದೇ ಸಾಲದಾಯಿತು. ಇಂತಹ ಸಾವುಗಳನ್ನು ವಿಧಿಲಿಖಿತವೆಂದು ಹೇಳಿ ಕೈತೊಳೆದುಕೊಳ್ಳುವ ಪ್ರವೃತ್ತಿ ನಮ್ಮಲ್ಲೂ ಇದೆ. ವಿಧಿಯ ಮೇಲಿನ ವಿಶ್ವಾಸ ಬೇರೆ, ಆಡಳಿತದ ನಿರ್ಲಕ್ಷ್ಯಕ್ಕೆ ವಿಧಿಯನ್ನು ಗುರಾಣಿಯಾಗಿ ಹಿಡಿಯುವುದು ಬೇರೆ.

ಹೊಸದಿಲ್ಲಿಯ ದುರಂತದ ಬಳಿಕ 2025ರ ಮಾರ್ಚ್‌ನಲ್ಲಿ ರೈಲ್ವೆ ಕೈಗೊಂಡ ನಿರ್ಧಾರಗಳು ಸರಿಯಾದ ದಿಕ್ಕಿನಲ್ಲಿವೆ. 73 ನಿಲ್ದಾಣಗಳ ಹೊರಗೆ ಶಾಶ್ವತ ನಿರೀಕ್ಷಣಾ ಪ್ರದೇಶ, 12 ಮೀಟರ್ ಮತ್ತು 6 ಮೀಟರ್ ಅಗಲದ ಮೇಲ್ಸೇತುವೆಗಳು, ಸ್ಥಳದಲ್ಲೇ ತೀರ್ಮಾನ ಕೈಗೊಳ್ಳಲು ನಿಲ್ದಾಣದ ನಿರ್ದೇಶಕರಿಗೆ ಅಧಿಕಾರ - ಇವು ಘೋಷಣೆಯಲ್ಲಿ ಉಳಿಯದೆ ಜಾರಿಗೆ ಬರಬೇಕು. ಖಚಿತ ಟಿಕೆಟ್ ಇದ್ದವರಿಗೆ ಮಾತ್ರ ಪ್ಲಾಟ್‌ಫಾರಂ ಪ್ರವೇಶ ಎಂಬ ನಿಯಮವು ಜನರಲ್ ಬೋಗಿಯ ಬಡವನನ್ನು ಬೀದಿಗೆ ತಳ್ಳುವ ನೆಪವಾಗದಂತೆಯೂ ನೋಡಿಕೊಳ್ಳಬೇಕು. ಆತನಿಗೆ ಹೊರಗೆ ನೆರಳು, ನೀರು, ಶೌಚಾಲಯ ಮತ್ತು ನಿಜವಾದ ಮಾಹಿತಿ ಸಿಗಬೇಕು. ಕುಂಭದ ಏಕಮುಖ ವ್ಯವಸ್ಥೆ ಮತ್ತು ಬಣ್ಣದ ಟಿಕೆಟ್‌ಗಳು ಪ್ರತಿ ವರ್ಷದ ಮಾಘ ಮೇಳಕ್ಕೂ ಕಾಯಂ ಆಗಬೇಕು.

ಈ ನಿಲ್ದಾಣದ ಪಕ್ಕದಲ್ಲೇ ಖುಸ್ರೋ ಬಾಗ್ ಇದೆ. ಜಹಾಂಗೀರನ ಹಿರಿಯ ಮಗ ಖುಸ್ರೋ ಮತ್ತು ಅಂಬೇರದ ರಜಪೂತ ಮನೆತನದಿಂದ ಬಂದ ಆತನ ತಾಯಿಯ ಗೋರಿಗಳು ಅಲ್ಲಿವೆ. ಮಹಾಕುಂಭದಲ್ಲಿ ನಿಲ್ದಾಣಕ್ಕೆ ಬರುವ ಜನದಟ್ಟಣೆ ಮಿತಿಮೀರಿದಾಗ ಯಾತ್ರಿಕರನ್ನು ತಂಗಿಸಲೆಂದು ರೂಪಿಸಿದ ತುರ್ತು ಯೋಜನೆಯಲ್ಲಿ ಇದೇ ತೋಟವಿತ್ತು. ಆ ಮೇಳದಲ್ಲಿ ಮುಸ್ಲಿಮರಿಗೆ ಅಂಗಡಿ ಇಡಲು ಬಿಡಬಾರದೆಂಬ ಬೇಡಿಕೆ 2024ರಲ್ಲಿ ಕೇಳಿಬಂದಿತ್ತು. ಆದರೆ 2025ರ ಜನವರಿ 29ರ ಮೌನಿ ಅಮಾವಾಸ್ಯೆಯಂದು ಸಂಗಮದಲ್ಲಿ ಕಾಲ್ತುಳಿತ ಸಂಭವಿಸಿ, ಸರಕಾರ ಅಂದು ಕೊಟ್ಟ ಲೆಕ್ಕದಂತೆ 30 ಮಂದಿ ಸತ್ತಾಗ, ದಾರಿಗಳೆಲ್ಲ ಮುಚ್ಚಿ ಯಾತ್ರಿಕರು ಚಳಿಯಲ್ಲಿ ಬೀದಿಪಾಲಾದರು. ಸತ್ತವರಲ್ಲಿ ನಮ್ಮ ಬೆಳಗಾವಿಯವರೂ ಇದ್ದರು. ಆಗ ಚೌಕ್, ಖುಲ್ದಾಬಾದ್, ರೋಶನ್ ಬಾಗ್ ಮುಂತಾದೆಡೆ ಮುಸ್ಲಿಮರು ಮಸೀದಿ, ದರ್ಗಾ, ಇಮಾಂಬಾಡಾ, ಮನೆಗಳ ಬಾಗಿಲು ತೆರೆದರು. ಹಾಸಿಗೆ, ಹೊದಿಕೆ, ಊಟ ಕೊಟ್ಟರು. ಅವರು ಯಾರ ಟಿಕೆಟನ್ನೂ ಕೇಳಲಿಲ್ಲ, ಧರ್ಮವನ್ನೂ ಕೇಳಲಿಲ್ಲ.

ಅಂದು ಬಡ ಯಾತ್ರಿಕನಿಗೆ ಬೇಕಾಗಿದ್ದುದು ಇಷ್ಟೇ: ನಿಲ್ಲಲು ಜಾಗ, ಕುಡಿಯಲು ನೀರು, ಸರಿಯಾದ ಒಂದು ಮಾತು. ನಗರದ ಸಾಮಾನ್ಯ ಜನರು ಕೈಲಾದಷ್ಟು ಕೊಟ್ಟರು. ನೂರಾರು ಕೋಟಿ ರೂಪಾಯಿ ವೆಚ್ಚದ ಹೊಸ ನಿಲ್ದಾಣವು ಅಷ್ಟನ್ನೂ ಕೊಡಲಾಗದಿದ್ದರೆ ಅದರ ಸೌಂದರ್ಯಕ್ಕೆ ಅರ್ಥವಿಲ್ಲ. ಉದ್ಘಾಟನೆಯ ದಿನ ಅತಿಥಿಗಳು ಅದರ ಛಾವಣಿಯನ್ನು ನೋಡಿ ಮೆಚ್ಚಬಹುದು. ಆದರೆ ಆ ನಿಲ್ದಾಣದ ನಿಜವಾದ ಪರೀಕ್ಷೆ ಮುಂದಿನ ಮೌನಿ ಅಮಾವಾಸ್ಯೆಯ ಸಂಜೆ, ತಲೆಯ ಮೇಲೆ ಗಂಟು ಹೊತ್ತ ಪ್ರಯಾಣಿಕ ಮೆಟ್ಟಿಲು ಇಳಿಯುವಾಗ ನಡೆಯುತ್ತದೆ. ಆತ ಸುರಕ್ಷಿತವಾಗಿ ಮನೆ ಸೇರಬೇಕು.