ಮುತ್ತಲದ ಹೂವಿಗೆ ಆದ ಅನ್ಯಾಯ

ವಿದ್ಯಾಹೀನನನ್ನು ನಮ್ಮ ಪ್ರಾಚೀನರು ಕಿಂಶುಕ ಪುಷ್ಪಕ್ಕೆ ಹೋಲಿಸಿದರು: ನೋಡಲು ಚೆಲುವು, ಮೂಸಿದರೆ ಗಂಧವಿಲ್ಲ. ಆ ಕಿಂಶುಕವೇ ಗೋಕಾಕ, ಹುಕ್ಕೇರಿಗಳ ಕಡೆಯ ಮುತ್ತಲ ಗಿಡ. ಉಪಮೆ ರಮ್ಯವಾದುದು, ಆದರೆ ಹೂವಿನ ಮಟ್ಟಿಗೆ ಅದು ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ.

ಹೂವು ಅರಳುವುದು ನಮ್ಮ ಮೂಗಿಗಾಗಿ ಅಲ್ಲ; ಪರಾಗವನ್ನು ಹೊತ್ತೊಯ್ಯುವ ಜೀವಿಗಾಗಿ. ಆ ಜೀವಿಯ ಕಣ್ಣಿಗೆ ಕಾಣುವ ಬೆಳಕು ಯಾವುದೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಮನುಷ್ಯನ ಕಣ್ಣು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗದೂರದ ಬೆಳಕನ್ನು ಗ್ರಹಿಸುತ್ತದೆ. ಜೇನ್ನೊಣದ ಕಣ್ಣು ಸುಮಾರು 300ರಿಂದ 650ರ ವರೆಗೆ. ನಮಗೆ ಕಾಣದ ಅತಿನೇರಳೆ ಅದಕ್ಕೆ ಗೋಚರ. ಅಚ್ಚ ಕೆಂಪಾದರೋ ಕಪ್ಪಿಗೆ ಸಮಾನ. ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ 1914ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬಣ್ಣದ ಕಾಗದ, ಸಕ್ಕರೆ ನೀರುಗಳಿಂದಲೇ ಜೇನ್ನೊಣದ ಈ ಕೆಂಪುಗುರುಡನ್ನು ತೋರಿಸಿದನು. ಎಂಥ ಅಗ್ಗದ ಉಪಕರಣಗಳು!

ಹಕ್ಕಿಗಳಿಗೆ ಈ ಕೊರತೆಯಿಲ್ಲ. ಕೆಂಪು ಅವುಗಳಿಗೆ ಚೆನ್ನಾಗಿ ಕಾಣುತ್ತದೆ. ಅವು ಹೂವನ್ನು ಹುಡುಕುವುದು ಮೂಗಿನಿಂದಲ್ಲ, ಕಣ್ಣಿನಿಂದ. ಮುತ್ತಲವು ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಎಲೆಯುದುರಿಸಿ, ಬೋಳು ಕೊಂಬೆಗಳ ತುಂಬ ಹೂ ಬಿಡುತ್ತದೆ. ಸೂರಕ್ಕಿಯು ಮಕರಂದಕ್ಕೆ ಕೊಕ್ಕು ನೀಡಿದಾಗ ಹೂವಿನ ಪರಾಗ ಅದರ ತಲೆಗೆ ಅಂಟುತ್ತದೆ. ಬೂರುಗ, ಹಾಲಿವಾಣಗಳ ಕೆಂಪು ಹೂಗಳೂ ಹಕ್ಕಿಗಳನ್ನೇ ಕರೆಯುತ್ತವೆ. ಇಂಥ ಅತಿಥಿಗೆ ಗಂಧವೇಕೆ? (ಮುತ್ತಲದ್ದು ಅಚ್ಚ ಕೆಂಪಲ್ಲ, ಕೇಸರಿ ಬೆರೆತ ಕೆಂಪು, ಆದುದರಿಂದ ಜೇನ್ನೊಣವೂ ಬಾರದಿರದು. ಅಳಿಲಂತೂ ಬಂದೇ ಬರುತ್ತದೆ.)

ಹೀಗಿದ್ದೂ ಶಾಲೆಯ ಅಂಗಳಕ್ಕೆ ಕೆಂಪು ಹೂವಿನ ಮರ ಬೇಕೆಂದಾಗ ನಮಗೆ ಮೊದಲು ನೆನಪಾಗುವುದು ಗುಲ್‌ಮೊಹರ್. ಮಡಗಾಸ್ಕರ್ ದ್ವೀಪದಿಂದ ಬಂದ ಆ ಮರ ಬೇಗ ಬೆಳೆದು ನೆರಳು ಕೊಡುವುದು ನಿಜ. ಆದರೆ ಅದರ ಬೇರು ಆಳಕ್ಕಿಳಿಯುವುದಿಲ್ಲ, ಕೊಂಬೆ ಗಾಳಿಗೆ ಮುರಿಯುತ್ತದೆ. ಮುತ್ತಲ ನಿಧಾನವಾಗಿ ಬೆಳೆಯುತ್ತದೆ. ಅದೊಂದೇ ಅದರ ಮೇಲಿನ ಸರಿಯಾದ ದೂರು. ತುಕ್ಕಾನಟ್ಟಿಯ ಸುತ್ತಿನ ಈ ಘಟಪ್ರಭಾ ಸೀಮೆಯಲ್ಲಿ ಕಾಲುವೆಯ ನೀರು ಮಿತಿಮೀರಿದೆಡೆ ನೆಲ ಸವಳು-ಜವಳಾಗುತ್ತದೆ. ನೀರು ನಿಲ್ಲುವ ಕರಿಮಣ್ಣಿನಲ್ಲಿಯೂ ಉಪ್ಪು ಸೇರಿದ ನೆಲದಲ್ಲಿಯೂ ಬಾಳಬಲ್ಲ ಮರ ಮುತ್ತಲ. ಅದರ ಎಲೆಯಿಂದ ಪತ್ರಾವಳಿ, ಹೂವಿನಿಂದ ಹೋಳಿಯ ಬಣ್ಣ, ಕೊಂಬೆಯ ಮೇಲೆ ಅರಗಿನ ಹುಳು. ಜುಲೈ ತಿಂಗಳ ವನಮಹೋತ್ಸವದಲ್ಲಿ ನೆಡುವ ಹತ್ತು ಸಸಿಗಳಲ್ಲಿ ಎರಡಾದರೂ ಇದರವಾಗಿರಲಿ.

ನನ್ನ ಮಾತನ್ನು ವಿದ್ಯಾರ್ಥಿಗಳು ಸುಮ್ಮನೆ ನಂಬಬೇಕಾಗಿಲ್ಲ. ಬರುವ ಫೆಬ್ರವರಿಯಲ್ಲಿ ಹೂಬಿಟ್ಟ ಮುತ್ತಲದ ಬಳಿ ಬೆಳಿಗ್ಗೆ ಒಂದು ತಾಸು ಕುಳಿತು, ಯಾವ ಜೀವಿ ಎಷ್ಟು ಸಲ ಬಂದಿತೆಂದು ಬರೆದಿಡಿರಿ. ಮೇ ತಿಂಗಳಲ್ಲಿ ಗುಲ್‌ಮೊಹರದ ಕೆಳಗೂ ಹಾಗೆಯೇ ಕುಳಿತು ಎಣಿಸಿರಿ.