ದ್ವೀಪದ ಉಪವಾಸವೂ ನಮ್ಮೂರ ಎದೆನೋವೂ

ಇಪ್ಪತ್ತು ಜನರನ್ನು ನಿರ್ಜನ ದ್ವೀಪವೊಂದಕ್ಕೆ ಕರೆದೊಯ್ದು, ಕೈಗೊಂದು ಮಚ್ಚು, ಒಂದಿಷ್ಟು ಅಕ್ಕಿ ಕೊಟ್ಟು, ಕೊನೆಯವರೆಗೆ ಉಳಿಯುವವರು ಯಾರೆಂದು ನೋಡುವ ಆಟವನ್ನು ನೀವು ಟಿ.ವಿ.ಯಲ್ಲಿ ಕಂಡಿರಬಹುದು. 1997ರಲ್ಲಿ ಸ್ವೀಡನ್ನಿನಲ್ಲಿ ‘ಎಕ್ಸ್‌ಪೆಡಿಷನ್ ರಾಬಿನ್‌ಸನ್’ ಎಂಬ ಹೆಸರಿನಲ್ಲಿ ಆರಂಭವಾದ ಈ ಆಟ 2000ದಲ್ಲಿ ‘ಸರ್ವೈವರ್’ ಆಗಿ ಅಮೆರಿಕವನ್ನು ಮುಟ್ಟಿತು. ಭಾರತದ ಆವೃತ್ತಿ 2012ರಲ್ಲಿ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ಬಂತು. ಚಿತ್ರೀಕರಣ ನಡೆದದ್ದು ಫಿಲಿಪ್ಪೀನ್ಸ್ ದೇಶದ ಕಾರಮೋವನ್ ದ್ವೀಪಗಳಲ್ಲಿ. 2021ರ ತಮಿಳು ಆವೃತ್ತಿಯನ್ನು ಜಾಂಜಿಬಾರಿನಲ್ಲಿ ನಡೆಸಿಕೊಟ್ಟವರು ನಮ್ಮ ಮಧುಗಿರಿಯ ಅರ್ಜುನ್ ಸರ್ಜಾ. ಭಾಷೆ ಯಾವುದಾದರೇನು, ಅದರ ತುಣುಕುಗಳು ಇಂದು ಚನ್ನರಾಯಪಟ್ಟಣದ ಹುಡುಗನ ಮೊಬೈಲಿನಲ್ಲೂ ಓಡುತ್ತವೆ.

ಆರೋಗ್ಯದ ಅಂಕಣಕ್ಕೂ ಈ ಆಟಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಹಸಿವು, ನಿದ್ದೆಗೇಡು, ಬಿಸಿಲು ಇವನ್ನು ಸಹಿಸುವುದೇ ಗಂಡಸುತನ ಎಂಬ ಭಾವನೆಯನ್ನು ಈ ಆಟ ಬೆಳೆಸುತ್ತದೆ. ಅದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಪಾಠವನ್ನೂ ಅದು ಕಲಿಸುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ವಾರದಲ್ಲೇ ಸ್ಪರ್ಧಿಗಳ ತೂಕ ಸರಸರನೆ ಇಳಿಯುವುದನ್ನು ಕಂಡು ನಮ್ಮ ಹುಡುಗರು ಮಾರುಹೋಗುತ್ತಾರೆ. ಆ ತೂಕವೆಲ್ಲ ಕೊಬ್ಬಿನದಲ್ಲ. ನಮ್ಮ ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿರುವ ಸಕ್ಕರೆಯ ದಾಸ್ತಾನು ಸುಮಾರು ಒಂದು ದಿನಕ್ಕೆ ಸಾಲುವಷ್ಟು ಮಾತ್ರ. ಅದು ಖರ್ಚಾಗುವಾಗ ಅದರ ಜೊತೆಗಿದ್ದ ನೀರೂ ಹೊರಟುಹೋಗುತ್ತದೆ. ತಕ್ಕಡಿಯ ಮುಳ್ಳು ಇಳಿಯಲು ಬಹುಮಟ್ಟಿಗೆ ಈ ನೀರೇ ಕಾರಣ. ಆಮೇಲೆ ಕೊಬ್ಬು ಕರಗುವುದು ನಿಜ, ಆದರೆ ಸ್ನಾಯುವೂ ಕರಗುತ್ತದೆ. ಹೃದಯವೂ ಒಂದು ಸ್ನಾಯುವೇ ತಾನೆ?

ಅರೆಹೊಟ್ಟೆಯಲ್ಲಿ ಮನುಷ್ಯ ಏನಾಗುತ್ತಾನೆ ಎಂಬುದನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944-45ರಲ್ಲೇ ಪರೀಕ್ಷಿಸಿ ನೋಡಿದ್ದರು. 36 ಮಂದಿ ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದು 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ನಾಡಿಬಡಿತ ನಿಧಾನವಾಯಿತು, ಕಾಲು ಊದಿಕೊಂಡಿತು, ಸದಾ ಚಳಿ. ಸ್ನೇಹಿತರೊಂದಿಗೆ ಮಾತು ಬೇಡವಾಯಿತು, ಸಿಟ್ಟು ಮೂಗಿನ ತುದಿಗೆ ಬಂತು. ಅಡುಗೆ ಪುಸ್ತಕಗಳನ್ನು ಓದುತ್ತಾ ಕೂರುವುದೇ ಕೆಲವರಿಗೆ ಕಸುಬಾಯಿತು! ಹೊಟ್ಟೆ ತುಂಬ ಊಟ ಸಿಕ್ಕ ಮೇಲೂ ಅನೇಕರಿಗೆ ತಿಂಗಳುಗಟ್ಟಲೆ ತೃಪ್ತಿ ಎಂಬುದೇ ಬರಲಿಲ್ಲ. ದ್ವೀಪದ ಸ್ಪರ್ಧಿಗಳು ಒಂದು ಮೀನಿಗಾಗಿ ಜಗಳವಾಡುವುದನ್ನು ನಾವು ಅವರ ಗುಣದೋಷವೆಂದು ತೀರ್ಪು ಕೊಡುತ್ತೇವೆ. ಅದರಲ್ಲಿ ಹಸಿವಿನ ಪಾಲೂ ದೊಡ್ಡದಿದೆ.

ಉಪವಾಸ ನಮಗೇನು ಹೊಸದೇ ಎಂದು ಕೆಲವರು ಕೇಳಬಹುದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಿಕ್ಕಬೆಟ್ಟ ಹತ್ತಿದವರು ಸಲ್ಲೇಖನದ ಶಾಸನಗಳನ್ನು ನೋಡಿರುತ್ತಾರೆ. ಆದರೆ ಆ ಸಂಪ್ರದಾಯದಲ್ಲಿ ಗುರುವಿನ ಅನುಮತಿ ಬೇಕು. ಯಾವ ತಪಸ್ಸಾದರೂ ಶಕ್ತ್ಯನುಸಾರ ಎಂಬ ಕಟ್ಟಳೆಯಿದೆ. ನೆರೆಮನೆಯವನಿಗಿಂತ ಎರಡು ದಿನ ಹೆಚ್ಚು ಇರುತ್ತೇನೆಂಬ ಪಂದ್ಯ ಅಲ್ಲಿಲ್ಲ.

ಅನೇಕ ದಿನ ಸರಿಯಾಗಿ ಉಣ್ಣದವರು ಒಮ್ಮೆಲೇ ಹೊಟ್ಟೆ ಬಿರಿಯುವಂತೆ ಉಂಡರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಮುಂತಾದ ಲವಣಗಳು ಕುಸಿದು ಹೃದಯದ ಲಯ ತಪ್ಪಬಹುದು. ಎರಡನೆಯ ಮಹಾಯುದ್ಧದ ಕೈದಿಗಳು ಬಿಡುಗಡೆಯಾಗಿ ಊಟ ಮಾಡಿದ ಮೇಲೆ ಸತ್ತದ್ದನ್ನು ಕಂಡು ವೈದ್ಯರು ಇದನ್ನು ಅರಿತರು. ಇಂಥವರಿಗೆ ತೆಳು ಗಂಜಿಯಂಥ ಆಹಾರವನ್ನು ಸ್ವಲ್ಪಸ್ವಲ್ಪವೇ, ವೈದ್ಯರ ಕಣ್ಣಿನಡಿಯಲ್ಲಿ ಕೊಡಬೇಕು.

ಕಣ್ಣಿನಡಿಯಲ್ಲಿ ಎಂದೆನಲ್ಲ, ಟಿ.ವಿ. ನಮಗೆ ತೋರಿಸದೆ ಬಿಡುವುದು ಹೆಚ್ಚಾಗಿ ಅದನ್ನೇ. ಸ್ಪರ್ಧಿಗಳನ್ನು ವೈದ್ಯಕೀಯ ಪರೀಕ್ಷೆ ಮಾಡಿ ಆರಿಸುತ್ತಾರೆ. ಕ್ಯಾಮೆರಾದ ಹಿಂದೆ ವೈದ್ಯರ ತಂಡವಿರುತ್ತದೆ. ಆಟ ಸಾಕೆಂದು ಹೇಳುವ ಅಧಿಕಾರವೂ ಅವರಿಗಿರುತ್ತದೆ. ಇಷ್ಟಿದ್ದೂ ಅನಾಹುತಗಳಾಗಿವೆ. 2009ರಲ್ಲಿ ಬಲ್ಗೇರಿಯದ ಆವೃತ್ತಿಯ ಸ್ಪರ್ಧಿಯೊಬ್ಬರು ಫಿಲಿಪ್ಪೀನ್ಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. 2013ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಆವೃತ್ತಿಯ 25 ವರ್ಷದ ಯುವಕ ಕಾಂಬೋಡಿಯದಲ್ಲಿ ಮೊದಲ ದಿನವೇ ಹೃದಯ ನಿಂತು ಸತ್ತ. ಆ ವರ್ಷದ ಸರಣಿಯನ್ನೇ ಕೈಬಿಟ್ಟರು. ಗಮನಿಸಿ, ಮೊದಲ ದಿನ. ಹಸಿವು ಇನ್ನೂ ಶುರುವಾಗಿರಲಿಲ್ಲ. 2016ರಲ್ಲಿ ಪ್ರಸಾರವಾದ ಅಮೆರಿಕದ ಸರಣಿಯಲ್ಲಿ ಒಂದೇ ಸ್ಪರ್ಧೆಯಲ್ಲಿ ಮೂವರು ಬಿಸಿಲಿಗೆ ಕುಸಿದುಬಿದ್ದು, ಒಬ್ಬನನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು.

ಮನಸ್ಸಿನ ಮೇಲಾಗುವ ಪೆಟ್ಟೂ ಸಣ್ಣದಲ್ಲ. ಸ್ವೀಡನ್ನಿನ ಮೊದಲ ಸರಣಿಯಲ್ಲಿ ಎಲ್ಲರಿಗಿಂತ ಮೊದಲು ಹೊರಬಿದ್ದ ಸ್ಪರ್ಧಿ, ಕಾರ್ಯಕ್ರಮ ಪ್ರಸಾರವಾಗುವ ಮುನ್ನವೇ ಆತ್ಮಹತ್ಯೆ ಮಾಡಿಕೊಂಡ. ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ಗೆದ್ದು ನಾಡಿಗೆಲ್ಲ ಪರಿಚಿತನಾದ ಎಚ್.ಡಿ. ಕೋಟೆಯ ಹಾಡಿಯ ರಾಜೇಶ್ 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಕಾರಣಗಳನ್ನು ಒಂದೇ ಆಟದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ದೀಪ ಆರಿದ ಮೇಲೆ ಆ ಹುಡುಗರ ಯೋಗಕ್ಷೇಮ ಯಾರದು ಎಂದು ವಾಹಿನಿಗಳನ್ನು ಕೇಳುವ ಹಕ್ಕು ನೋಡುಗರಿಗಿದೆ. ಮನಸ್ಸು ಕುಗ್ಗಿದವರು ಯಾರೇ ಆಗಲಿ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈಗ ಆ ಇನ್ನೊಂದು ಪಾಠಕ್ಕೆ ಬರೋಣ. ಈ ಆಟದಲ್ಲಿ ದುರ್ಬಲನೆಂದು ಕಂಡವನನ್ನು ಜೊತೆಗಾರರೇ ಮತ ಹಾಕಿ ಹೊರಗಟ್ಟುತ್ತಾರೆ. ಆದ್ದರಿಂದ ನೋವಿದ್ದರೂ ಹೇಳಬಾರದು, ಮುಖ ಬಾಡಬಾರದು. ಆಟಕ್ಕೆ ಇದು ಜಾಣತನವಿರಬಹುದು. ಹಾಸನ ಜಿಲ್ಲೆಯಲ್ಲಿ ಕೂತು ಇದನ್ನು ಮೆಚ್ಚುವುದು ನನಗೆ ಸಾಧ್ಯವಿಲ್ಲ.

2025ರ ಮೇ-ಜೂನ್ ತಿಂಗಳುಗಳನ್ನು ನೀವು ಮರೆತಿರಲಾರಿರಿ. ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಕಿರಿಯರು, ಹಠಾತ್ತನೆ ಸತ್ತ ಸುದ್ದಿ ಬಂದು ಮನೆಮನೆಯಲ್ಲೂ ಭಯ ಹುಟ್ಟಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆಯಿಲ್ಲವೆಂದೂ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನದಂಥ ಹಳೆಯ ಶತ್ರುಗಳೇ ಕಾಣುತ್ತಿವೆಯೆಂದೂ ಸಮಿತಿ ತಿಳಿಸಿತು. ಭಯ ಇಳಿಯಿತು. ಎದೆ ಹಿಂಡಿದಾಗ ಗ್ಯಾಸ್ಟ್ರಿಕ್ ಎಂದು ಸೋಡ ಕುಡಿದು ಮಲಗುವ ಅಭ್ಯಾಸ ಮಾತ್ರ ಹೋದಂತಿಲ್ಲ. ಹೇಳಿದರೆ ಮನೆಯವರು ಗಾಬರಿಯಾಗುತ್ತಾರೆ, ಕೆಲಸ ಕೆಡುತ್ತದೆ, ಜೊತೆಯವರು ನಗುತ್ತಾರೆ ಎಂಬ ಅಂಜಿಕೆಗೂ ದ್ವೀಪದವನ ಅಂಜಿಕೆಗೂ ಏನು ವ್ಯತ್ಯಾಸ?

ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಹದಮಾಡುವ ಕಾಲದಲ್ಲಿ ಬ್ಯಾರನ್ ಬೆಂಕಿಯ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಕೂರುವವರನ್ನು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ. ಅವರಿಗೆ ಬಹುಮಾನವೂ ಇಲ್ಲ, ಪಕ್ಕದಲ್ಲಿ ವೈದ್ಯರೂ ಇಲ್ಲ. ಅಂಥವರು ಬಾಯಾರುವವರೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯುತ್ತಿರಬೇಕು. ತಲೆಸುತ್ತು, ವಾಕರಿಕೆ ಬಂದರೆ ಕೂಡಲೆ ಬೆಂಕಿಯಿಂದ ದೂರ ಸರಿದು ತಂಪಿನಲ್ಲಿ ಮಲಗಬೇಕು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಮೈಗೆ ನೀರು ಸುರಿದು ಗಾಳಿ ಬೀಸುತ್ತಾ ಆಸ್ಪತ್ರೆಗೆ ಒಯ್ಯಬೇಕು.

ಜಿಮ್ಮಿಗೆ ಹೋಗುವ ಮಕ್ಕಳಿರುವ ತಂದೆತಾಯಿಯರು ಒಂದು ಮಾತು ವಿಚಾರಿಸಿ. ಮೈಕಟ್ಟು ಕಾಣಲೆಂದು ನೀರು ಬಿಡಿಸುತ್ತಿದ್ದಾರೆಯೇ? ಖಾಲಿ ಹೊಟ್ಟೆಯಲ್ಲಿ ಮೈಮುರಿಯುವ ಕಸರತ್ತು ಮಾಡಿಸುತ್ತಿದ್ದಾರೆಯೇ? ಮನೆತನದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲೇ ಹಠಾತ್ತಾಗಿ ಸತ್ತಿದ್ದರೆ, ಕಸರತ್ತಿನ ನಡುವೆ ಹುಡುಗ ಎಚ್ಚರ ತಪ್ಪಿದ್ದರೆ, ಮೊದಲು ವೈದ್ಯರಿಗೆ ತೋರಿಸಿ, ಕಸರತ್ತು ಆಮೇಲೆ.

ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಮೊದಲ ಗಂಟೆಯಲ್ಲೇ ಹೋದರೆ ಹೆಚ್ಚು ಪ್ರಯೋಜನ. ಎದೆಯ ನಡುವೆ ಒತ್ತಿದಂತಾಗಿ ನೋವು ಎಡಗೈಗೋ ದವಡೆಗೋ ಹಬ್ಬಿದರೆ, ತಣ್ಣನೆ ಬೆವರಿದರೆ, ಹೊಳೆನರಸೀಪುರದವರು ಹಾಸನಕ್ಕೆ ಬಸ್ಸು ಕಾಯಬೇಕಿಲ್ಲ. 108ಕ್ಕೆ ಕರೆಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೈಕನ್ನು ನೀವೇ ಓಡಿಸಿಕೊಂಡು ಮಾತ್ರ ಹೋಗಬೇಡಿ.